ಕುರ್ಚಿಯ ಮುನಿಸು

ಮುಪ್ಪಿನಲ್ಲಿ ಮಂಡಿಗಳು ಮುಷ್ಕರ ಹೂಡಿದರೆ ಸ್ವಂತ ಮನೆಯ ಮಹಡಿಯೂ ಪರದೇಶವಾಗಿಬಿಡುತ್ತದೆ. ನಮ್ಮ ತಾಯಿಯವರಿಗೆ ಮಹಡಿಯ ದೇವರ ಕೋಣೆಯನ್ನು ಮರಳಿ ದೊರಕಿಸಿಕೊಟ್ಟುದು, ಮೆಟ್ಟಿಲ ಪಕ್ಕದ ಹಳಿಯ ಮೇಲೆ ಏರಿಳಿಯುವ ಒಂದು ವಿದ್ಯುತ್ ಕುರ್ಚಿ. ಅದು ಮುನಿದು ನಿಂತ ದಿನ ಮನೆಗೆ ಮನೆಯೇ ಮಂಕಾಗುತ್ತದೆ.

ಆದರೆ ಈ ಮುನಿಸು ಅಕಾರಣವಾದುದಲ್ಲ. ಆಸನ ಓರೆಯಾಗಿ ತಿರುಗಿದ್ದರೆ, ಇಲ್ಲವೇ ಕೈಯಾಸರೆ ಮೇಲೆತ್ತಿದ್ದರೆ, ಕುರ್ಚಿ ಹೊರಡದು. ಕಾಲಿಡುವ ಹಲಗೆಯ ಅಂಚಿಗೆ ಮಗುವಿನ ಚೆಂಡೋ ಚಪ್ಪಲಿಯೋ ತಾಗಿತೆಂದರೆ ತಟ್ಟನೆ ನಿಲ್ಲುತ್ತದೆ. ಇವು ದೋಷಗಳಲ್ಲ, ಕುಳಿತವರನ್ನು ಕಾಯುವ ಎಚ್ಚರಗಳು.

ಇನ್ನುಳಿದುದು ಹೊಟ್ಟೆಯ ವಿಚಾರ. ಬಹುಪಾಲು ಕುರ್ಚಿಗಳು ನಡೆಯುವುದು 12 ವೋಲ್ಟಿನ ಎರಡು ಬ್ಯಾಟರಿಗಳ ಬಲದಿಂದ. ವಿದ್ಯುತ್ತು ಹೋದಾಗಲೂ ಕೆಲವು ಸಲ ಹತ್ತಿಳಿಯಬಲ್ಲುದು ಇದರಿಂದಲೇ. ಈ ಬ್ಯಾಟರಿಗಳಿಗೆ ಊಟ ದೊರೆಯುವುದು ಸಾಮಾನ್ಯವಾಗಿ ಹಳಿಯ ಎರಡು ತುದಿಗಳಲ್ಲಿ ಮಾತ್ರ. ನಡುದಾರಿಯಲ್ಲಿ ಬಿಟ್ಟರೆ ಕುರ್ಚಿ ಕೀಚ್ ಕೀಚೆಂದು ಹಸಿವನ್ನು ಸಾರುತ್ತದೆ. ತುದಿಯಲ್ಲಿ ನಿಂತೂ ಕೂಗಿದರೆ ಗೋಡೆಯ ಸ್ವಿಚ್ಚನ್ನು ನೋಡಬೇಕು. ಕಸ ಗುಡಿಸುವಾಗ ಯಾರಾದರೂ ಆರಿಸಿರಬಹುದು. ಹೊಟ್ಟೆ ತುಂಬಿದ್ದೂ ಏರುವಾಗ ಏದುಸಿರು ಬಿಟ್ಟರೆ ಬ್ಯಾಟರಿಗಳಿಗೇ ಮುಪ್ಪು ಬಂದಿರಬಹುದು.

ಇಷ್ಟನ್ನು ಮನೆಯವರೇ ಪರೀಕ್ಷಿಸಬಹುದು. ಸುಟ್ಟ ವಾಸನೆಯೋ ಕರ್ಕಶ ಸದ್ದೋ ಬಂದರೆ ಮಾತ್ರ ವಿದ್ಯುತ್ತನ್ನು ಆರಿಸಿ ಬಲ್ಲವರನ್ನು ಕರೆಸತಕ್ಕದ್ದು.

ಒಂದು ಮಾತನ್ನು ಮರೆಯಬಾರದು. ಕುರ್ಚಿಯಾದರೋ ತನ್ನ ಕಷ್ಟವನ್ನು ಕೂಗಿ ಹೇಳುತ್ತದೆ. ಹಿರಿಯರು, “ಇವತ್ತು ಮೇಲೆ ಹೋಗಬೇಕೆನಿಸಲಿಲ್ಲಪ್ಪ” ಎಂದು ಸುಮ್ಮನಾಗುತ್ತಾರೆ. ಆಗ ನಾವೇ ಎದ್ದು ಹೋಗಿ ಕುರ್ಚಿಯನ್ನು ನೋಡಬೇಕು.