ಹುಳ ಸಾಕಿದ ಮನೆಯ ಹಿತ್ತಲು

ಶಿಡ್ಲಘಟ್ಟದ ಕಡೆ ರೇಷ್ಮೆಹುಳ ಸಾಕುವ ಮನೆಗಳಲ್ಲಿ ಒಂದು ಕಟ್ಟಳೆ. ಔಷಧಿ ಹೊಡೆಯುವ ಡಬ್ಬ ಹಿತ್ತಲಿಗೆ ಬರಕೂಡದು. ಪಕ್ಕದ ಹೊಲದವರು ಟೊಮೆಟೊಗೆ ಹೊಡೆದದ್ದು ಗಾಳಿಗೆ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೂ ಸಾಕು, ತಿಂದ ಹುಳ ಕಕ್ಕಿಕೊಂಡು ಸಾಯುತ್ತದೆ. ಹೊಗೆಸೊಪ್ಪು ಮುಟ್ಟಿದ ಕೈಗೂ ಹುಳಮನೆಯೊಳಗೆ ಕೆಲಸವಿಲ್ಲ. ಅಕ್ಕನೂ ನಾನೂ ಬೆಳೆದದ್ದು ಎಂಬತ್ತರ ದಶಕದಲ್ಲಿ, ಈ ಸೀಮೆಯೆಲ್ಲ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದಾಗ. ನಮ್ಮ ಹಿತ್ತಲಲ್ಲಿ ಅಷ್ಟೊಂದು ಜೀವ ತುಂಬಿಕೊಂಡಿದ್ದದ್ದು ಆ ಕಟ್ಟಳೆಯಿಂದ ಎಂದು ಈಗ ಅನ್ನಿಸುತ್ತದೆ. ಹುಳಕ್ಕಾಗಿ ಮಾಡಿದ ಕಾವಲು ಹಕ್ಕಿ, ಓತಿಕ್ಯಾತ, ಕಪ್ಪೆಗಳಿಗೂ ಸಿಕ್ಕಿತ್ತು.

ಯುಗಾದಿ ಹತ್ತಿರ ಬರುವಾಗ ಹೊಂಗೆಮರ ಎಲೆ ಉದುರಿಸಿ, ಕೆಲವೇ ದಿನಗಳಲ್ಲಿ ಕಣ್ಣು ಕುಕ್ಕುವ ತಿಳಿಹಸಿರು ಹೊದೆಯುತ್ತಿತ್ತು. ಆಮೇಲೆ ಹೂ. ಬೆಳಗ್ಗೆ ಗುಡಿಸಿದ ಅಂಗಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕಾಲಿಡಲು ಜಾಗವಿಲ್ಲ, ಮರದ ತುಂಬ ಜೇನಿನ ಸದ್ದು. ಬಾವಿ ಪಕ್ಕ ಕಡಿಯದೆ ಬಿಟ್ಟ ಹಿಪ್ಪುನೇರಳೆ ಒಂದಿತ್ತು. ಹೊಲದ ಗಿಡಗಳನ್ನು ಸೊಪ್ಪಿಗೆಂದು ಸವರುತ್ತಲೇ ಇರುವುದರಿಂದ ಅವಕ್ಕೆ ಹಣ್ಣು ಬಿಡಲು ಬಿಡುವೇ ಇರುತ್ತಿರಲಿಲ್ಲ. ಈ ಮರ ಮಾತ್ರ ಕೊಂಬೆ ತುಂಬ ಬಿಡುತ್ತಿತ್ತು. ಹಸಿರು ಕಾಯಿ ಕೆಂಪಾಗಿ, ಕಪ್ಪಾಗುವುದನ್ನು ಕಾಯುವವರು ನಾವಿಬ್ಬರೇ ಅಲ್ಲ. ಮೈತುಂಬ ಚುಕ್ಕೆಯ ಹೆಣ್ಣು ಕೋಗಿಲೆ, ಪಿಕಳಾರ, ಅಳಿಲು ನಮಗಿಂತ ಮೊದಲೇ ಎದ್ದಿರುತ್ತಿದ್ದವು. ಅಜ್ಜಿ ಅಳಿಲನ್ನು ಉಡುತ ಎನ್ನುತ್ತಿದ್ದರು. ಮನೆಮಾತಿನಲ್ಲಿ ತೆಲುಗೂ ಕನ್ನಡವೂ ಬೆರೆತೇ ಇದ್ದವು.

ಭರಣಿ ಮಳೆ ಬಿದ್ದ ಸಂಜೆ ಅಂದರೆ ಈಸಲು ಹುಳದ ಸಂಜೆ. ನೆಲದ ಬಿರುಕಿನಿಂದ ರೆಕ್ಕೆಹುಳ ಬುಗ್ಗೆಯಂತೆ ಏಳುತ್ತಿತ್ತು. ಬೇಸಿನ್‌ನಲ್ಲಿ ನೀರಿಟ್ಟು ಮೇಲೆ ಲಾಟೀನು ತೂಗುಹಾಕಿದರೆ ಆಯಿತು. ಮರುದಿನ ಅಜ್ಜಿ ಹುರಿದು, ಕೇರಿ ರೆಕ್ಕೆ ಹಾರಿಸಿ, ಪುರಿಯ ಜೊತೆ ಬೆರೆಸಿ ಕೊಡುವರು. ಆ ರುಚಿಯನ್ನು ಅಕ್ಕ ಈಗಲೂ ಬಣ್ಣಿಸುತ್ತಾಳೆ. ನನಗೆ ಹೆಚ್ಚು ನೆನಪಿರುವುದು ಬೆಳಗಿನ ಹಿತ್ತಲು: ಹೊಟ್ಟೆ ಬಿರಿಯುವಷ್ಟು ತಿಂದು ಕದಲಲಾರದೆ ಕೂತ ಕಪ್ಪೆಗಳು, ತಂತಿಯ ಮೇಲಿಂದ ಎರಗಿ ಎರಗಿ ಹಿಡಿಯುವ ಕಾಜಾಣ.

ಹುಳ ಕೊನೆಯ ಸಲ ಪೊರೆ ಬಿಡುವ ಜ್ವರದಿಂದ ಎದ್ದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಒಂದು ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ತಟ್ಟೆಯಿಂದ ತೆಗೆದ ಹಿಕ್ಕೆ, ಕಡ್ಡಿ, ನಿತ್ರಾಣದ ಹುಳ ಎಲ್ಲ ತಿಪ್ಪೆಗೆ. ಗೊರವಂಕ, ಹರಟೆಮಲ್ಲಗಳ ಗದ್ದಲ ಅಲ್ಲೇ. ಅಪರೂಪಕ್ಕೆ ಕೆಂಬೂತ ಬೇಲಿಯಿಂದ ಇಳಿದು ದೊಡ್ಡ ಹೆಜ್ಜೆ ಹಾಕಿ ಬಂದರೆ ಅಜ್ಜಿ, “ಜೆಮುಡು ಕಾಕಿ ಬಂತು ನೋಡ್ರೇ, ಗೂಡಿಗೆ ಒಳ್ಳೆ ರೇಟು ಸಿಕ್ತದೆ” ಅನ್ನುವರು. ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು ನಮ್ಮ ಪಾಲಿನ ಕೆಲಸ. ಗೂಡೆಲ್ಲ ಮಾರುಕಟ್ಟೆಗೆ ಹೋಗುವಾಗ ಒಂದನ್ನು ಕದ್ದು ಬೆಂಕಿಪೊಟ್ಟಣದಲ್ಲಿ ಇಡುತ್ತಿದ್ದೆವು. ಕೆಲವು ದಿನ ಕಳೆದರೆ ಬೆಳ್ಳನೆಯ ಚಿಟ್ಟೆ ಗೂಡು ತೇವ ಮಾಡಿಕೊಂಡು ಹೊರಬರುವುದು. ರೆಕ್ಕೆ ಬಡಿಯುವುದೇ ಹೊರತು ಹಾರದು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಹಾರುವುದನ್ನೇ ಬಿಟ್ಟ ಜೀವ ಅದು. ಅದನ್ನು ಹಾರಿಸಲೆಂದು ಅಕ್ಕ ದಾಸವಾಳದ ಎಲೆಯ ಮೇಲೆ ಕೂರಿಸಿ ಊದುತ್ತಿದ್ದಳು.

ಅದೇ ಕಾಲಕ್ಕೆ ಊಜಿ ನೊಣವೂ ಬಂತು. 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಈ ನೊಣ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಹುಳವನ್ನು ಒಳಗೇ ತಿಂದು, ಎಷ್ಟೋ ಸಲ ಗೂಡನ್ನೇ ಕೊರೆದು ಹೊರಬೀಳುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗದು. ಕಿಟಕಿ ಬಾಗಿಲಿಗೆಲ್ಲ ಬಲೆ ಬಿತ್ತು. ಜಂತೆಯಲ್ಲಿ ಗೂಡು ಕಟ್ಟುತ್ತಿದ್ದ ಗುಬ್ಬಿಗಳು ಒಂದಷ್ಟು ದಿನ ಬಲೆಗೆ ಬಡಿದುಕೊಂಡು ಮುಂಬಾಗಿಲ ಸೂರಿಗೆ ಹೋದವು. ಬಲೆ ಬೇಕೇ ಬೇಕಿತ್ತು, ಆದರೂ ಆ ಗುಬ್ಬಿಗಳ ಬಗ್ಗೆ ನನಗೆ ಇವತ್ತಿಗೂ ಸಂಕಟ.

ನಮ್ಮ ಕಡೆ ಮಳೆ ಬಲಿಯುವುದು ಗೌರಿ ಗಣೇಶ ಕಳೆದ ಮೇಲೆ, ಹಸ್ತ ಚಿತ್ತೆಯ ಹೊತ್ತಿಗೆ. ನದಿಯಿಲ್ಲದ ಊರಿಗೆ ಕೆರೆ ತುಂಬುವುದೇ ಹಬ್ಬ. ತುಂಬೆ, ಉತ್ತರಾಣಿ ಮೊಣಕಾಲೆತ್ತರ ಬೆಳೆದು, ರಾತ್ರಿ ಬೇಲಿ ತುಂಬ ಮಿಂಚುಹುಳ. ಚಳಿ ಬಿದ್ದ ಮೇಲೆ ಸೀಬೆಮರಕ್ಕೆ ರಾಜಹಕ್ಕಿ ಬರುತ್ತಿತ್ತು. ಕಪ್ಪು ತಲೆ, ಬೆಳ್ಳನೆಯ ಮೈ, ರಿಬ್ಬನ್ನಿನಂಥ ಎರಡು ಗರಿ. ಕೆಲವು ವರ್ಷ ಇಟ್ಟಿಗೆ ಬಣ್ಣದ್ದು ಬರುವುದು. ಅದು ಬೇರೆ ಜಾತಿ ಎಂದು ನಾನು, ಅಲ್ಲ ಇದರದೇ ಮರಿ ಎಂದು ಅಕ್ಕ. ವಯಸ್ಸಾದ ಗಂಡು ಬಿಳಿಯಾಗುತ್ತದೆಂದು ಪುಸ್ತಕದಲ್ಲಿ ಓದಿದ ದಿನವೇ ಅವಳಿಗೆ ಕಾಗದ ಬರೆದೆ.

ಆ ಮನೆಯಲ್ಲಿ ಈಗ ಹುಳವಿಲ್ಲ. ಸುತ್ತ ದ್ರಾಕ್ಷಿ ತೋಟ, ಬೆಳಗಾದರೆ ಸ್ಪ್ರೇಯರ್ ಸದ್ದು. ಬೆಳೆಯುವವರನ್ನು ಹೇಗೆ ದೂರಲಿ, ಸಾಲ ತೀರಿಸಬೇಕಾದವರು ಅವರು. ಅಕ್ಕ ಮಾತ್ರ ಗೌರಿಬಿದನೂರಿನ ತನ್ನ ಹಿತ್ತಲಲ್ಲಿ ಹಳೇ ಕಟ್ಟಳೆಯನ್ನೇ ನಡೆಸಿಕೊಂಡು ಬಂದಿದ್ದಾಳೆ. ಹುಳ ಸಾಕುವುದಿಲ್ಲ, ಆದರೂ ಒಂದು ತೊಟ್ಟು ಔಷಧಿ ಬೀಳಲು ಬಿಟ್ಟಿಲ್ಲ. ಸಂಕ್ರಾಂತಿಗೆ ಮುಂಚೆ ಸೊಗಡಿನ ಅವರೆಕಾಯಿ ಚೀಲ ಕಳಿಸಿ ಫೋನ್ ಮಾಡುತ್ತಾಳೆ: “ಹುಳ ಇರ್ತದೆ, ನೋಡ್ಕೊಂಡು ಸುಲಿಯೇ.” ನಾನು ಸುಲಿಯುತ್ತಾ ಸಿಕ್ಕ ಹಸಿರು ಹುಳಗಳನ್ನು ಬಾಲ್ಕನಿಯ ಕುಂಡಕ್ಕೆ ಬಿಡುತ್ತೇನೆ, ಎದುರಿನ ಕಂಬದ ಗೊರವಂಕಕ್ಕೆ ಈಗ ಅದು ಗೊತ್ತಾಗಿದೆ.