ಡೈಲಾಗ್ ಸೇರಿಸಿ ಕೆಡಿಸಿದೆ!

ಊರ್ಡಿಗೆರೆಯಿಂದ ತುಮಕೂರಿಗೆ ಬೆಳಗಿನ ಬಸ್ಸು. ನಾನು ಪಿಯುಸಿಗೆ ಹೋಗುತ್ತಿದ್ದ ಕಾಲ. ಅವಳಿಗೆ ಸೀಟು, ನನಗೆ ಕಂಬಿ. ರಶ್ ಜಾಸ್ತಿಯಾದರೆ ಅವಳೇ ಕೈಚಾಚಿ ನನ್ನ ಬ್ಯಾಗ್ ಇಸ್ಕೊಂಡು ತೊಡೆ ಮೇಲಿಟ್ಟುಕೊಳ್ಳುತ್ತಿದ್ದಳು. ಇಳಿಯುವಾಗ ವಾಪಸ್ ಕೊಟ್ಟು ಒಂದು ಸಣ್ಣ ನಗೆ. ಅಷ್ಟೇ! ಆರು ತಿಂಗಳು ಹೀಗೇ ನಡೆಯಿತು.

ಗೆಳೆಯರು ಸುಮ್ಮನೆ ಬಿಡಬೇಕಲ್ಲ? ‘ಲೇ, ಹೀರೋ ಥರ ಹೇಳ್ಬಿಡೋ’ ಅಂದರು. ಯಾವುದೋ ಸಿನಿಮಾದ ಉದ್ದನೆ ಡೈಲಾಗ್ ಬಾಯಿಪಾಠ ಮಾಡಿ, ತುಂಬಿದ ಬಸ್ಸಿನಲ್ಲೇ ಒಪ್ಪಿಸಿಬಿಟ್ಟೆ. ಬಸ್ಸಿಗೆ ಬಸ್ಸೇ ನಕ್ಕಿತು. ಅವಳು ತಲೆ ತಗ್ಗಿಸಿದಳು. ಮಾರನೇ ದಿನದಿಂದ ಆ ಬಸ್ಸಿಗೆ ಬರಲಿಲ್ಲ.

ಎಷ್ಟೋ ದಿನದ ಮೇಲೆ ಮೊಬೈಲಿನಲ್ಲಿ ಬಸ್ಟರ್ ಕೀಟನ್‌ನ ‘ಷರ್ಲಾಕ್ ಜೂನಿಯರ್’ ನೋಡಿದೆ. 1924ರ ಮೂಕಿ ಚಿತ್ರ. ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ಹುಡುಗನ ಮೇಲೆ ಕಳ್ಳತನದ ಆರೋಪ. ಅವನೋ, ಕೆಲಸದ ನಡುವೆ ನಿದ್ದೆಹೋಗಿ, ತಾನೇ ಮಹಾ ಪತ್ತೇದಾರನಾದಂತೆ ಕನಸು ಕಾಣುತ್ತಾನೆ. ಅಷ್ಟರಲ್ಲಿ ನಿಜವಾದ ಕಳ್ಳನನ್ನು ಪತ್ತೆ ಮಾಡಿದವಳು ಅವನ ಹುಡುಗಿ! ಕೊನೆಗೆ ಅವಳೇ ಅವನ ಕೋಣೆಗೆ ಬರುತ್ತಾಳೆ. ಇವನಿಗೆ ಮುಂದೇನೆಂದು ತೋಚದು. ಕಿಂಡಿಯಿಂದ ತೆರೆ ನೋಡುತ್ತಾನೆ. ಅಲ್ಲಿನ ಹೀರೋ ಕೈ ಹಿಡಿದರೆ ಇವನೂ ಹಿಡಿಯುತ್ತಾನೆ. ಅವನು ಉಂಗುರ ತೊಡಿಸಿದರೆ ಇವನೂ ತೊಡಿಸುತ್ತಾನೆ. ಮರುಕ್ಷಣ ನೋಡಿದರೆ ತೆರೆಯ ಹೀರೋ ತೊಡೆ ಮೇಲೆ ಮಕ್ಕಳು! ಇವನು ತಲೆ ಕೆರೆದುಕೊಳ್ಳುತ್ತಾನೆ.

ನಕ್ಕು ನಕ್ಕು ಸುಸ್ತಾದೆ. ಆಮೇಲೆ ನಾಚಿಕೆಯಾಯಿತು. ನಾನೂ ಹೀರೋನನ್ನು ನಕಲು ಹೊಡೆದವನೇ. ಆದರೆ ಅಲ್ಲಿ ಹುಡುಗಿ ತಾನಾಗಿ ಬಂದಿದ್ದಳು. ನಾನು ಅಲ್ಲಿಯವರೆಗೆ ಕಾಯಲಿಲ್ಲ.

ನಮ್ಮಲ್ಲೂ ಇಂಥದ್ದೊಂದಿದೆ ಮಿತ್ರರೇ. 1934ರಲ್ಲಿ ‘ಸತಿ ಸುಲೋಚನಾ’ದಿಂದ ಕನ್ನಡ ತೆರೆ ಮಾತು ಕಲಿಯಿತು. 53 ವರ್ಷದ ಮೇಲೆ, 1987ರಲ್ಲಿ, ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲೇ ‘ಪುಷ್ಪಕ ವಿಮಾನ’ ತೆಗೆದರು. ಒಂದು ಸಂಭಾಷಣೆಯೂ ಇಲ್ಲ! ಕಮಲಹಾಸನ್, ಅಮಲಾ ಸನ್ನೆಯಲ್ಲೇ ಪ್ರೀತಿಸುತ್ತಾರೆ. ಕೊನೆಗೆ ಅವಳು ಗುಲಾಬಿಯ ಜೊತೆ ವಿಳಾಸದ ಚೀಟಿ ಕೊಡುತ್ತಾಳೆ. ಚೀಟಿ ಗಾಳಿಗೆ ಹಾರಿಹೋಗುತ್ತದೆ. ಅವನ ಕೈಯಲ್ಲಿ ಹೂವೊಂದೇ.

ಮಾತಿಲ್ಲದ ಹೀರೋ ಹುಡುಗಿಯ ಮುಖ ನೋಡಲೇಬೇಕು, ಅವಳ ಮನಸ್ಸೇನೆಂದು ತಿಳಿಯಲೇಬೇಕು. ಡೈಲಾಗ್ ಹೊಡೆಯುವವನಿಗೆ ಅದೇ ಮರೆತುಹೋಗುತ್ತದೆ.

ಆ ಆರು ತಿಂಗಳು ನನ್ನ ಮೂಕಿ ಚಿತ್ರ ಚೆನ್ನಾಗಿಯೇ ಓಡುತ್ತಿತ್ತು. ಮಾತು ಸೇರಿಸಿ ಕೆಡಿಸಿದವನು ನಾನೇ.