ಕೌದಿಗಳ ಊರು ಪಡೂಕಾ

ಅಮೆರಿಕಾದ ನಕ್ಷೆಯಲ್ಲಿ ಕೆಂಟಕಿ ರಾಜ್ಯದ ಪಶ್ಚಿಮ ಭಾಗವನ್ನು ಹುಡುಕಿದರೆ, ಟೆನ್ನೆಸೀ ನದಿಯು ಓಹಾಯೊ ನದಿಯನ್ನು ಕೂಡುವ ಎಡೆಯಲ್ಲಿ ಪಡೂಕಾ ಎಂಬ ಪುಟ್ಟ ಊರಿನ ಹೆಸರು ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಾದರೆ ನದಿಗಳ ಸಂಗಮದಲ್ಲಿ ಒಂದು ದೇವಾಲಯವೂ ವರ್ಷಕ್ಕೊಂದು ಜಾತ್ರೆಯೂ ಇರುವುದು ರೂಢಿ. ಪಡೂಕಾದ ಸಂಗಮದಲ್ಲಿ ಅಂಥ ದೇವಾಲಯವಿಲ್ಲ. ಆದರೆ ಜಾತ್ರೆ ಉಂಟು. ಅದು ಕೌದಿಗಳ ಜಾತ್ರೆ! 2020ರ ಜನಗಣತಿಯಂತೆ ಈ ಊರಿನ ಜನಸಂಖ್ಯೆ ಸುಮಾರು 27,000. ಪ್ರತಿ ಏಪ್ರಿಲ್ ತಿಂಗಳಿನಲ್ಲಿ ಹೆಚ್ಚು ಕಡಮೆ ಅಷ್ಟೇ ಮಂದಿ ಅತಿಥಿಗಳು ದೇಶದ ಮೂಲೆ ಮೂಲೆಗಳಿಂದ ಇಲ್ಲಿಗೆ ಬಂದು ಸೇರುತ್ತಾರೆಂದರೆ, ಸೂಜಿದಾರಗಳ ಆಕರ್ಷಣೆ ಎಂಥದೆಂಬುದನ್ನು ವಾಚಕರೇ ಊಹಿಸಬಹುದು.

ಕೌದಿ ಎಂದರೇನೆಂದು ಕನ್ನಡಿಗರಿಗೆ, ಅದರಲ್ಲಿಯೂ ಉತ್ತರ ಕರ್ನಾಟಕದವರಿಗೆ, ವಿವರಿಸಬೇಕಾಗಿಲ್ಲ. ಅಜ್ಜಿಯ ಹಳೆಯ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿಯ ಚೂರುಗಳು ಒಂದರ ಮೇಲೊಂದು ಕೂಡಿ, ಸೂಜಿಯ ಸಾಲುಗಳಿಂದ ಬಂಧಿತವಾಗಿ, ಮೂರು ತಲೆಮಾರಿನವರನ್ನು ಚಳಿಯಿಂದ ಕಾಯುವ ಹೊದಿಕೆಯದು. ಅಮೆರಿಕನ್ನರ ‘ಕ್ವಿಲ್ಟ್’ ಇದರ ದೂರದ ಸೋದರಿ. ಅದಕ್ಕೆ ಮೂರು ಪದರಗಳು: ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದ ಮೈ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರಿ. ಮೇಲಿನ ಮೈಯನ್ನು ಒಬ್ಬಾಕೆಯೇ ಕುಳಿತು ಜೋಡಿಸಬಹುದು. ಆದರೆ ಮೂರು ಪದರಗಳನ್ನು ಒಂದಾಗಿಸುವ ಹೊಲಿಗೆ ದೊಡ್ಡ ಕೆಲಸ. ಹಿಂದಿನ ಕಾಲದಲ್ಲಿ ಅದನ್ನು ಮರದ ಚೌಕಟ್ಟಿಗೆ ಬಿಗಿದು, ನೆರೆಹೊರೆಯ ಹೆಂಗಸರೆಲ್ಲ ನಾಲ್ಕು ಕಡೆಯೂ ಕುಳಿತು ಹೊಲಿಯುತ್ತಿದ್ದರು. ‘ಕ್ವಿಲ್ಟಿಂಗ್ ಬೀ’ ಎಂದು ಆ ಕೂಟದ ಹೆಸರು. ಹೊಲಿಗೆಯ ಜೊತೆಗೆ ಊರಿನ ಸುದ್ದಿ, ಮದುವೆಯ ಮಾತು, ಬಾಣಂತಿಯ ಆರೈಕೆ, ಸಾವಿನ ಸಂತಾಪ, ಎಲ್ಲವೂ ಆ ಚೌಕಟ್ಟಿನ ಸುತ್ತಲೇ ನಡೆಯುತ್ತಿದ್ದವು.

ಈಗ ಆ ಚೌಕಟ್ಟಿನ ಸ್ಥಾನಕ್ಕೆ ಯಂತ್ರ ಬಂದಿದೆ. ‘ಲಾಂಗ್ ಆರ್ಮ್’, ಅಂದರೆ ನೀಳತೋಳಿನ ಹೊಲಿಗೆಯ ಯಂತ್ರ. ಹತ್ತು ಮಂದಿ ವಾರಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಇದರಿಂದ ಒಬ್ಬಾಕೆ ಒಂದೇ ದಿನದಲ್ಲಿ ಮಾಡಿ ಮುಗಿಸಬಲ್ಲಳು. ಹಾಗಾದರೆ ಉಳಿದ ಒಂಬತ್ತು ಮಂದಿ ಎಲ್ಲಿಗೆ ಹೋದರು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಪಡೂಕಾಕ್ಕೆ ಹೊರಟೆ. ಇನ್ನೊಂದು ಕಾರಣವೂ ಇತ್ತು. ಕೆಲವು ವರ್ಷಗಳಿಂದ ನನ್ನ ಬೆರಳುಗಳ ಗಂಟುಗಳು ನೋಯತೊಡಗಿ, ಸೂಜಿ ಹಿಡಿಯುವುದೇ ಕಷ್ಟವಾಗಿತ್ತು. ಸೂಜಿಯನ್ನು ಹಿಡಿಯದೆಯೇ ಕೌದಿ ಹೊಲಿಯಬಹುದೆಂದು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ?

ಮಗಳ ಮನೆ ಇರುವ ನ್ಯಾಶ್‌ವಿಲ್ ನಗರದಿಂದ ವಾಯವ್ಯಕ್ಕೆ ಎರಡು ಗಂಟೆಗಳ ಮೋಟಾರು ಪ್ರಯಾಣ. ನಾವು ಹೋದದ್ದು ಜಾತ್ರೆಯ ಸಡಗರ ಮುಗಿದ ಮೇಲೆ, ಮೇ ತಿಂಗಳಿನಲ್ಲಿ. ಊರನ್ನು ಹೊಕ್ಕೊಡನೆ ನದಿಯನ್ನು ನೋಡುವ ಆತುರ. ಆದರೆ ಕಂಡದ್ದು ಎತ್ತರವಾದ ಒಂದು ಕಾಂಕ್ರೀಟು ಗೋಡೆ! 1937ರ ಮಹಾಪೂರದಲ್ಲಿ ಓಹಾಯೊ ನದಿ ಇಲ್ಲಿ 60 ಅಡಿಗೂ ಮೀರಿ ಏರಿ, ಊರಿಗೆ ಊರೇ ಮನೆಮಠಗಳನ್ನು ಬಿಟ್ಟು ಹೋಗಬೇಕಾಯಿತಂತೆ. ಆ ಬಳಿಕ ಕಟ್ಟಿದ ಗೋಡೆ ಇದು. 1996ರಿಂದ ರಾಬರ್ಟ್ ಡಫರ್ಡ್ ಎಂಬ ಕಲಾವಿದರೂ ಅವರ ಸಂಗಡಿಗರೂ ಅದರ ಮೇಲೆ ಊರಿನ ಚರಿತ್ರೆಯನ್ನೇ ಚಿತ್ರಿಸಿದ್ದಾರೆ. ಗೋಡೆಯುದ್ದಕ್ಕೂ ನಡೆದರೆ ಒಂದು ಪುಸ್ತಕವನ್ನು ಓದಿದಂತಾಗುತ್ತದೆ. 1952ರಲ್ಲಿ ಇಲ್ಲಿಗೆ ಸಮೀಪದಲ್ಲಿ ಯುರೇನಿಯಂ ಸಾಂದ್ರೀಕರಣದ ಕಾರ್ಖಾನೆಯೊಂದು ಕೆಲಸವನ್ನಾರಂಭಿಸಿದಾಗ ಪಡೂಕಾ ‘ಅಣುನಗರ’ವೆಂದು ಹೆಸರಾಯಿತು. 2013ರಲ್ಲಿ ಆ ಕೆಲಸ ನಿಂತಿತು. ಅದೇ ವರ್ಷ ಯುನೆಸ್ಕೊ ಸಂಸ್ಥೆಯು ಪಡೂಕಾವನ್ನು ಕರಕುಶಲ ಮತ್ತು ಜಾನಪದ ಕಲೆಗಳ ಸೃಜನಶೀಲ ನಗರವೆಂದು ಮನ್ನಿಸಿತು. ಅಣುವಿಗಿಂತ ಅರಿವೆಯ ತುಂಡೇ ಹೆಚ್ಚು ಬಾಳಿಕೆ ಬಂದಿತೆನ್ನಬೇಕು!

ಈ ಭಾಗ್ಯಕ್ಕೆ ಬೀಜ ಬಿತ್ತಿದವರು ಈ ಊರಿನವರೇ ಆದ ಬಿಲ್ ಮತ್ತು ಮೆರೆಡಿತ್ ಶ್ರೋಡರ್ ದಂಪತಿಗಳು. 1984ರಲ್ಲಿ ಅವರು ‘ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ’ಯನ್ನು ಸ್ಥಾಪಿಸಿದರು. ಮರುವರ್ಷವೇ ಮೊದಲ ಪ್ರದರ್ಶನ ನಡೆಯಿತು. 1991ರಲ್ಲಿ ಕೌದಿಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಅದೇ ಇಂದಿನ ‘ನ್ಯಾಷನಲ್ ಕ್ವಿಲ್ಟ್ ಮ್ಯೂಸಿಯಂ’. ಮಂದವಾದ ಬೆಳಕಿನ ವಿಶಾಲ ಅಂಗಳಗಳಲ್ಲಿ ಕೌದಿಗಳು ವರ್ಣಚಿತ್ರಗಳಂತೆ ತೂಗಿರುತ್ತವೆ. ಮುಟ್ಟುವಂತಿಲ್ಲ. ಕೌದಿಯನ್ನು ಮುಟ್ಟದೆ ನೋಡುವುದು ಹೋಳಿಗೆಯನ್ನು ಮೂಸಿ ಬಿಟ್ಟಂತೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಡೆದೆ.

ಈ ಸಂಗ್ರಹದಲ್ಲಿ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಎಂಬಾಕೆಯ ‘ಕೊರೋನಾ 2: ಸೋಲಾರ್ ಎಕ್ಲಿಪ್ಸ್’ ಎಂಬ ಕೌದಿಯುಂಟು. ಸೂರ್ಯಗ್ರಹಣವೇ ಅದರ ವಸ್ತು. 1989ರ ಪ್ರದರ್ಶನದಲ್ಲಿ ಅದು ಅತ್ಯುತ್ತಮ ಬಹುಮಾನವನ್ನು ಗಳಿಸಿತು. ಅಲ್ಲಿಯವರೆಗೆ ಆ ಬಹುಮಾನ ಕೈಹೊಲಿಗೆಗೇ ಮೀಸಲಾದಂತಿತ್ತು. ಇದಾದರೋ ಯಂತ್ರದ ಹೊಲಿಗೆ, ಅದೂ ಸಾಧಾರಣ ಹೊಲಿಗೆಯ ಯಂತ್ರದ್ದು. ಯಂತ್ರದಿಂದ ಹೊಲಿದದ್ದು ಕೌದಿಯೇ ಅಲ್ಲವೆಂದು ಕೆಲವರು, ಕಲೆ ಇರುವುದು ಕಣ್ಣಿನಲ್ಲಿಯೇ ಹೊರತು ಸೂಜಿಯಲ್ಲಲ್ಲವೆಂದು ಕೆಲವರು. ಆ ವಾದ ಬಹುಕಾಲ ನಡೆಯಿತು. ಮುಂದೆ ಕೈಹೊಲಿಗೆಗೆ, ಮನೆಯ ಯಂತ್ರಕ್ಕೆ, ನೀಳತೋಳಿನ ಯಂತ್ರಕ್ಕೆ ಬೇರೆ ಬೇರೆ ಬಹುಮಾನಗಳು ಏರ್ಪಟ್ಟುವು.

ಊರಿನ ಹಳೆಯ ಬೀದಿಯ ಒಂದು ಕಾರ್ಯಶಾಲೆಯಲ್ಲಿ ನನ್ನ ಐದು ದಿನಗಳ ಪಾಠ ಮೊದಲಾಯಿತು. ಯಂತ್ರವನ್ನು ಕಂಡಾಗ ನನಗೆ ತಟ್ಟನೆ ನೆನಪಾದುದು ಇಳಕಲ್ಲಿನ ಮಗ್ಗ. 12 ಅಡಿ ಉದ್ದದ ಉಕ್ಕಿನ ಮೇಜು. ಅದರ ಉದ್ದಕ್ಕೂ ಉರುಳೆಗಳು. ನೇಯ್ದ ಸೀರೆ ದಿಂಡಿಗೆ ಸುತ್ತಿಕೊಳ್ಳುವಂತೆ ಇಲ್ಲಿ ಹೊಲಿದ ಕೌದಿ ಒಂದು ಉರುಳೆಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಮನೆಯ ಯಂತ್ರದಲ್ಲಿ ಯಂತ್ರ ನಿಂತಿರುತ್ತದೆ, ಬಟ್ಟೆ ಚಲಿಸುತ್ತದೆ. ಇಲ್ಲಿ ಬಟ್ಟೆ ನಿಂತಿರುತ್ತದೆ, ಯಂತ್ರವೇ ಚಲಿಸುತ್ತದೆ! ಹಳಿಗಳ ಮೇಲೆ ಗಾಲಿಗಳಲ್ಲಿ ನಿಂತ ಅದನ್ನು ಎರಡು ಹಿಡಿಗಳಿಂದ ಎತ್ತ ಬೇಕಾದರೂ ನಡೆಸಬಹುದು. ನಿಮಿಷಕ್ಕೆ ಸಾವಿರಕ್ಕೂ ಮಿಗಿಲಾಗಿ ಸೂಜಿ ಏರಿಳಿಯುತ್ತದೆ. ನಾವು ವೇಗವಾಗಿ ನಡೆಸಿದರೆ ಸೂಜಿಯೂ ವೇಗವಾಗುತ್ತದೆ, ನಿಧಾನಿಸಿದರೆ ತಾನೂ ನಿಧಾನಿಸುತ್ತದೆ. ಗಾಲಿಗಳ ಚಲನೆಯನ್ನು ಅಳೆಯುವ ಒಂದು ವಿದ್ಯುತ್ ಸಾಧನವು, ಅಂಗುಲಕ್ಕೆ ಹತ್ತೆಂದರೆ ಹತ್ತೇ ಹೊಲಿಗೆ ಬೀಳುವಂತೆ ನೋಡಿಕೊಳ್ಳುತ್ತದೆ. ಬೆಲೆ ಮಾತ್ರ ಒಂದು ಮೋಟಾರು ಕಾರಿನಷ್ಟು. ಆದುದರಿಂದಲೇ ಅನೇಕ ಅಂಗಡಿಗಳಲ್ಲಿ ಇದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ.

“ಬೆರಳುಗಳಿಂದ ಬಿಗಿಯಾಗಿ ಹಿಡಿಯಬೇಡಿ, ಸೊಂಟದಿಂದ ನಡೆಸಿರಿ, ಇದು ಹೊಲಿಗೆಯಲ್ಲ, ಕುಣಿತ” ಎಂದರು ನಮ್ಮ ಉಪಾಧ್ಯಾಯಿನಿ. ನಿಜ. ಕಾಲು, ಸೊಂಟ, ತೋಳುಗಳೆಲ್ಲ ಸೇರಿ ಆ ಹಿಡಿಗಳನ್ನು ತೇಲಿಸುವಾಗ ಬೆರಳುಗಳಿಗೆ ಶ್ರಮವೇ ಇಲ್ಲ. ದೃಷ್ಟಿ ಸೂಜಿಯ ಮೇಲಿರಬಾರದು, ಸೂಜಿ ಹೋಗಬೇಕಾದ ಎಡೆಯ ಮೇಲಿರಬೇಕು. ಮೇಲಿನ ದಾರವೂ ಕೆಳಗಿನ ದಾರವೂ ಹತ್ತಿಯ ಪದರದ ನಡುವೆ ಸಮವಾಗಿ ಕೂಡಬೇಕು. ಮೇಲಿನದು ಸಡಿಲವಾದರೆ ತಿರುವುಗಳಲ್ಲಿ ಹಿಂಬದಿಗೆ ಕೂದಲಿನಂಥ ಎಳೆಗಳು ಏಳುತ್ತವೆ. ಅವಕ್ಕೆ ಅಲ್ಲಿಯವರು ‘ಕಣ್ಣರೆಪ್ಪೆ’ ಎನ್ನುತ್ತಾರೆ. ಹೆಸರು ಸೊಗಸು, ನೋಟ ಸೊಗಸಲ್ಲ!

ಕಲಿಯುವವರು ಒಟ್ಟು ಆರು ಮಂದಿ. ರಾತ್ರಿಪಾಳಿಯ ಒಬ್ಬ ದಾದಿ, ನದಿಯಾಚೆಯ ಇಲಿನಾಯ್ ರಾಜ್ಯದ ಇಬ್ಬರು ಸೋದರತ್ತೆಯ ಮಕ್ಕಳು, ರೈಲ್ವೆಯಿಂದ ನಿವೃತ್ತರಾದ ಒಬ್ಬ ಮಹನೀಯರು, ಶಾಲೆಯಲ್ಲಿ ಪಾಠ ಹೇಳಿ ವಿಶ್ರಾಂತಿ ಪಡೆದಿದ್ದ ಒಬ್ಬ ವೃದ್ಧೆ, ಮತ್ತೆ ನಾನು. ಮೊದಲ ದಿನ ಎಲ್ಲರೂ ಮಿತಭಾಷಿಗಳು. ಎರಡನೆಯ ದಿನ ದಾರ ಕತ್ತರಿಸದೆ ಮುಂದುವರಿಯುವ ವಿನ್ಯಾಸಗಳ ಪಾಠ. ಅಡಿಗಡಿಗೆ ದಾರ ಕತ್ತರಿಸಿದರೆ ಹೊಲಿಗೆ ಸಡಿಲವಾಗುತ್ತದೆಂದು, ಒಂದೇ ಎಳೆಯಲ್ಲಿ ಇಡೀ ಚಿತ್ರ ಮುಗಿಯುವುದೇ ಈ ಯಂತ್ರಕ್ಕೆ ಹಿತ. ನನಗೆ ನಗು ಬಂದಿತು. ಎಳೆ ಮುರಿಯದೆ ಚುಕ್ಕಿಗಳನ್ನು ಸುತ್ತಿ ಹೊರಟಲ್ಲಿಗೇ ಬಂದು ಸೇರುವ ರಂಗೋಲಿಯನ್ನು ನಮ್ಮ ತಾಯಂದಿರು ನಿತ್ಯ ಮುಂಜಾನೆ ಬಾಗಿಲಿನ ಮುಂದೆ ಹಾಕುತ್ತಿದ್ದರಲ್ಲವೆ? ಕಾಗದದ ಮೇಲೆ ಒಂದನ್ನು ಬರೆದು ತೋರಿಸಿದೆ. ಉಪಾಧ್ಯಾಯಿನಿ ಅಂದಿನ ಪಾಠವನ್ನು ಬದಿಗಿಟ್ಟು, ಎಲ್ಲರ ಕೈಯಲ್ಲೂ ಅದನ್ನೇ ಹೊಲಿಸಿದರು. ಮರುದಿನ ನಾನು ಚಿತ್ರಾನ್ನ ಮಾಡಿಕೊಂಡು ಹೋದೆ. ದಾದಿ ಸೇಬಿನ ಕಡುಬು ತಂದಳು. ಗಂಡಂದಿರಿಗೆ ತಿಳಿಯದಂತೆ ಎಷ್ಟು ಬಟ್ಟೆಯನ್ನು ಕೊಂಡು ಬಚ್ಚಿಟ್ಟಿದ್ದೇವೆಂದು ಇಲಿನಾಯಿನ ಸೋದರಿಯರು ಲೆಕ್ಕ ಒಪ್ಪಿಸಿದಾಗ, ನಮ್ಮ ಬೀರುಗಳಲ್ಲಿನ ಸೀರೆಗಳು ನೆನಪಾಗಿ ನಾನು ಮೌನ ವಹಿಸಿದೆ.

ಆ ನಿವೃತ್ತ ಶಿಕ್ಷಕಿಯ ಪೆಟ್ಟಿಗೆಯೊಳಗಿದ್ದುದು ಅವರ ತಂಗಿಯ ಕೈಕೆಲಸ. ಒಂದರೊಳಗೊಂದು ಕೊಂಡಿ ಹಾಕಿದ ಉಂಗುರಗಳ ವಿನ್ಯಾಸ. ‘ಜೋಡಿ ಮದುವೆಯ ಉಂಗುರ’ವೆಂದು ಅದರ ಹೆಸರು. ಮಗಳ ಮದುವೆಗೆಂದು ಆ ತಂಗಿ ಮೇಲುಮೈಯನ್ನೆಲ್ಲ ಕೈಯಿಂದಲೇ ಜೋಡಿಸಿ, ಉಳಿದುದನ್ನು ಮುಗಿಸುವ ಮೊದಲೇ ತೀರಿಕೊಂಡರಂತೆ. ಒಂಬತ್ತು ವರ್ಷಗಳಿಂದ ಅದು ಪೆಟ್ಟಿಗೆಯಲ್ಲಿಯೇ ಇತ್ತು. ಕೈಯಿಂದ ಮುಗಿಸಲು ಅಕ್ಕನ ಕಣ್ಣುಗಳು ಸಹಕರಿಸುವುದಿಲ್ಲ. ಯಂತ್ರಕ್ಕೆ ಕೊಡಲು ಮನಸ್ಸು ಒಪ್ಪುವುದಿಲ್ಲ. “ಅವಳ ಕೈಯ ಮೇಲೆ ಯಂತ್ರವನ್ನು ಓಡಿಸಿದಂತಾಗದೆ?” ಎಂದು ಆಕೆ ಮೂರು ದಿನವೂ ಅದನ್ನು ಬಿಚ್ಚಿ, ನೋಡಿ, ಮತ್ತೆ ಮಡಿಸಿಟ್ಟರು. ನಾವು ಯಾರೂ ಬುದ್ಧಿ ಹೇಳಲು ಹೋಗಲಿಲ್ಲ.

ನಾಲ್ಕನೆಯ ದಿನ ಸಂಜೆ ಆಕೆಯೇ ಎದ್ದು, “ಏರಿಸೋಣ” ಎಂದರು. ಕೌದಿಯನ್ನು ಉರುಳೆಗಳಿಗೆ ಏರಿಸುವುದು ಒಬ್ಬರಿಂದಲೂ ಆಗುವ ಕೆಲಸವೇ. ಆದರೆ ಅಂದು ಕೈಗಳಿಗೆ ಕೊರತೆಯಿರಲಿಲ್ಲ. ಅಸ್ತರಿಯನ್ನು ರೈಲ್ವೆಯ ಮಹನೀಯರು ನೇರ ಮಾಡಿದರು. ದಾದಿ ಹತ್ತಿಯನ್ನು ಹಾಸಿದಳು. ಸೋದರಿಯರು ಉರುಳೆ ತಿರುಗಿಸಿದರು. ನಾನು ಎಳೆಗಳನ್ನು ಕತ್ತರಿಸಿದೆ. ಮೊದಲ ಉಂಗುರವನ್ನು ಹೊಲಿದಾದ ಮೇಲೆ ಆಕೆ ಹಿಡಿಗಳನ್ನು ಬಿಟ್ಟು ಸರಿದು ನಿಂತು, ಒಬ್ಬೊಬ್ಬರೂ ಒಂದೊಂದು ಉಂಗುರವನ್ನು ಹೊಲಿಯಬೇಕೆಂದರು. ದಾದಿಯ ಉಂಗುರ ತುಸು ಓರೆಯಾಯಿತು. ಬಿಚ್ಚಿಬಿಡುತ್ತೇನೆಂದು ಅವಳು ಕತ್ತರಿಗೆ ಕೈ ಹಾಕಿದಳು. “ಬೇಡ, ಹಾಗೆಯೇ ಇರಲಿ. ಇದು ನಿನ್ನದೆಂದು ನನಗೆ ಗುರುತು ಸಿಗಬೇಕು” ಎಂದರು ವೃದ್ಧೆ. ರಾತ್ರಿ ಹತ್ತರ ವೇಳೆಗೆ ಕೊನೆಯ ಸಾಲು ಮುಗಿಯಿತು. ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ.

ಉಳಿದ ಒಂಬತ್ತು ಮಂದಿ ಎಲ್ಲಿಗೆ ಹೋದರೆಂಬ ನನ್ನ ಪ್ರಶ್ನೆಗೆ ಅಂದು ಉತ್ತರ ದೊರೆಯಿತು. ಯಂತ್ರವು ಜೊತೆಯ ಅಗತ್ಯವನ್ನು ತೆಗೆದುಹಾಕಿದೆ. ಜೊತೆಯ ಆಸೆಯನ್ನು ತೆಗೆದುಹಾಕಿಲ್ಲ. ಹಿಂದೆ ಕೆಲಸಕ್ಕಾಗಿ ಜನ ಕೂಡುತ್ತಿದ್ದರು. ಈಗ ಕೂಡುವುದಕ್ಕಾಗಿ ಕೆಲಸವನ್ನು ಹುಡುಕುತ್ತಾರೆ. ಆದರೆ ಅದು ತಾನಾಗಿ ನಡೆಯುವುದಿಲ್ಲ. ಯಾರಾದರೊಬ್ಬರು ಹಿಡಿಗಳನ್ನು ಬಿಟ್ಟು ಸರಿದು ನಿಲ್ಲಬೇಕು. ಅಪರಿಚಿತರ ನಡುವೆಯೂ ಇದು ಸಾಧ್ಯ. ಯುದ್ಧದಿಂದ ಮರಳಿದ ಯೋಧರಿಗೆ ಕೌದಿಗಳನ್ನು ಅರ್ಪಿಸುವ ‘ಕ್ವಿಲ್ಟ್ಸ್ ಆಫ್ ವೇಲರ್’ ಎಂಬ ಸಂಸ್ಥೆಯನ್ನು 2003ರಲ್ಲಿ ಕ್ಯಾಥರೀನ್ ರಾಬರ್ಟ್ಸ್ ಎಂಬ ತಾಯಿ ಆರಂಭಿಸಿದರು; ಅವರ ಮಗ ಆಗ ಇರಾಕಿನಲ್ಲಿದ್ದ. ಅಲ್ಲಿ ಮೇಲುಮೈಯನ್ನು ಜೋಡಿಸುವಾಕೆ ಒಂದೂರಿನಲ್ಲಿ, ಅದನ್ನು ನೀಳತೋಳಿನ ಯಂತ್ರದಲ್ಲಿ ಉಚಿತವಾಗಿ ಹೊಲಿದುಕೊಡುವಾಕೆ ಇನ್ನೊಂದೂರಿನಲ್ಲಿ ಇರುವುದುಂಟು.

ಕೊನೆಯ ದಿನ ನಾನು ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರ ಮಾತೆತ್ತಿದೆ. ಆಫ್ರಿಕಾ ಮೂಲದ ಈ ಜನ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ನೆಲಸಿದವರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿನತ್ತ ಹೊಲಿಯುತ್ತ ಹೋಗುವುದು ಅವರ ಪದ್ಧತಿ. ನಾಲ್ಕು ಮೂಲೆಗಳಿಗೂ ಹೂವಿನಂಥ ಮಡಿಕೆ. ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾಗಿದ್ದುವು. ಚೌಕಟ್ಟೂ ಇಲ್ಲ, ಯಂತ್ರವೂ ಇಲ್ಲ, ನೆಲದ ಮೇಲೆ ಕುಳಿತೇ ಹೊಲಿಯುತ್ತಾರೆಂದಾಗ ನಮ್ಮ ಉಪಾಧ್ಯಾಯಿನಿ ಕೇಳಿದ ಪ್ರಶ್ನೆ ಒಂದೇ: “ಹೊಲಿಯುವಾಗ ಮಾತನಾಡುತ್ತಾರೆಯೆ?” ಮಾತನಾಡದೆ ಕೌದಿ ಹೊಲಿದವರನ್ನು ನಮ್ಮ ಕಡೆ ನಾನು ಕಂಡಿಲ್ಲವೆಂದೆ.

ಈಗ ನಮ್ಮ ಆರು ಮಂದಿಯ ನಡುವೆ ಒಂದು ಒಪ್ಪಂದವಿದೆ. ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ಉಳಿದ ಐವರಿಗೆ ಒಂದೊಂದು ಚೌಕ ಬಟ್ಟೆಯನ್ನು ಅಂಚೆಯಲ್ಲಿ ಕಳುಹಿಸತಕ್ಕದ್ದು. ನನ್ನ ಪಾಲಿನದು ಸವೆದುಹೋದ ಒಂದು ಇಳಕಲ್ಲ ಸೀರೆಯ ಸೆರಗಿನಿಂದ ಕತ್ತರಿಸಿದ್ದು. ಅದರ ಕೆಂಪಿನಷ್ಟು ಗಾಢವಾದ ಕೆಂಪು ಪಡೂಕಾದ ಅಂಗಡಿಗಳಲ್ಲಿ ಸಿಗುವುದಿಲ್ಲವೆಂದು ರೈಲ್ವೆಯ ಮಹನೀಯರು ಬರೆದಿದ್ದಾರೆ. ಇನ್ನೆರಡು ಚೌಕಗಳು ಬೇಕಂತೆ.